ಬಿಡಿಸಬಾರದಿದ್ದ ಸಿಕ್ಕು

ಕೂದಲಪ್ಪನ ಕೈಯಲ್ಲಿ ಕೆಟ್ಟದ್ದು ಒಂದೇ ಒಂದು ಫೋಟೋ. ಅವನ ಹಣೆಬರಹ ನೋಡಿ, ಜೀವಮಾನದಲ್ಲಿ ಅವನು ಮಾಡಿದ ಕೆಲಸಗಳಲ್ಲೆಲ್ಲ ಅತ್ಯಂತ ಚೆನ್ನಾಗಿ ಬಂದದ್ದೂ ಅದೇ. ನೋಡಿದವರೆಲ್ಲ ಭೇಷ್ ಅಂದರು. ಸ್ಟುಡಿಯೋದ ಮಾಲೀಕ, ಹೊಗಳುವುದೆಂದರೆ ಹಲ್ಲು ಕೀಳಿಸಿಕೊಂಡಷ್ಟು ಕಷ್ಟಪಡುವ ಮನುಷ್ಯ, ಅವನೂ ಕನ್ನಡಕ ತೆಗೆದು ಒರೆಸಿಕೊಂಡು ಮತ್ತೊಮ್ಮೆ ನೋಡಿದ. ಯಾರಿಗಾಗಿ ಮಾಡಿದ್ದನೋ ಅವಳು ಮಾತ್ರ ಚೆನ್ನಾಗಿದೆ ಅನ್ನಲಿಲ್ಲ. ಅವಳು ಅವನ ಅಕ್ಕ.

ಈ ಹೆಸರಿನ ಸಂಗತಿ ಮೊದಲೇ ಹೇಳಿಬಿಡುವುದು ಒಳ್ಳೆಯದು, ಇಲ್ಲದಿದ್ದರೆ ಕೊನೆಯವರೆಗೂ ಅದೇ ತಲೆಯಲ್ಲಿ ಕೊರೆಯುತ್ತಿರುತ್ತದೆ. ಅವನಿಗೆ ಹೆತ್ತವರು ಇಟ್ಟ ಹೆಸರು ಬೇರೆಯದೇ. ಅದು ಗುರುತಿನ ಚೀಟಿಯಲ್ಲಿ ಬಿಟ್ಟರೆ ಇನ್ನೆಲ್ಲೂ ಚಲಾವಣೆಯಲ್ಲಿರಲಿಲ್ಲ. ಫೋಟೋದಲ್ಲಿ ತಲೆಗೂದಲನ್ನು ಎಳೆ ಎಳೆಯಾಗಿ ಕತ್ತರಿಸಿ ತೆಗೆಯುವುದರಲ್ಲಿ ಅವನದು ಎತ್ತಿದ ಕೈ. ಹಾಗಾಗಿ ಬೀದಿಯವರು ಕೂದಲಪ್ಪ ಅಂದರು. ಅವನ ಸ್ವಂತ ತಲೆ ಮಾತ್ರ ಮದುವೆಯಾದ ವರ್ಷದಿಂದಲೇ ಬೋಳು. ಊರಿನವರ ಕೂದಲನ್ನೆಲ್ಲ ಕಾಪಾಡಿದಿರಿ, ನಿಮ್ಮದನ್ನು ಕಾಯೋಕೆ ಯಾರನ್ನೂ ಇಟ್ಟುಕೊಳ್ಳಲಿಲ್ಲವಲ್ಲ ಎಂದು ಹೆಂಡತಿ ಆಗಾಗ ಛೇಡಿಸುತ್ತಿದ್ದಳು. ಅವನು ನಗುತ್ತಿದ್ದ. ಆಗೆಲ್ಲ ನಗುವ ಮನುಷ್ಯನೇ ಅವನು.

ಸ್ಟುಡಿಯೋ ಇದ್ದದ್ದು ಔಷಧಿ ಅಂಗಡಿಯ ಮೇಲಿನ ಮಹಡಿಯಲ್ಲಿ. ಇಬ್ಬರು ಎದುರಾದರೆ ಒಬ್ಬರು ಹಿಂದಕ್ಕೆ ಇಳಿಯಲೇಬೇಕಾದ ಮೆಟ್ಟಿಲು. ಮುಂದಿನ ಕೋಣೆಯಲ್ಲಿ ದೀಪಗಳು, ಪರದೆ, ಕೂರಲು ಒಂದು ಸ್ಟೂಲು, ಬಾಚಣಿಗೆ ಇಟ್ಟ ಒಂದು ಕನ್ನಡಿ. ಹಿಂದಿನ ಕೋಣೆಯಲ್ಲಿ ಕೂದಲಪ್ಪ ಮತ್ತು ಅವನ ಕಂಪ್ಯೂಟರು. ಕಿಟಕಿಗೆ ಕಪ್ಪು ಬಟ್ಟೆ ಕಟ್ಟಿಕೊಂಡಿದ್ದ, ಸ್ಕ್ರೀನಿನ ಮೇಲೆ ಬಿಸಿಲು ಬಿದ್ದರೆ ಬಣ್ಣ ಸುಳ್ಳು ಹೇಳುತ್ತದೆ ಎಂದು. ಜನರನ್ನು ಅವರು ನಿಂತ ಜಾಗದಿಂದ ಕತ್ತರಿಸಿ ತೆಗೆದು ಬೇರೆ ಹಿನ್ನೆಲೆಯ ಮೇಲೆ ಕೂರಿಸುವುದು ಅವನ ಕೆಲಸ. ಸಾಫ್ಟ್‌ವೇರಿನಲ್ಲಿ ಅದಕ್ಕೆ ಏನೇನೋ ಹೆಸರಿದೆ. ಸ್ಟುಡಿಯೋದಲ್ಲಿ ಎಲ್ಲರೂ ಅನ್ನುತ್ತಿದ್ದದ್ದು 'ಬಿಡಿಸೋದು' ಎಂದು. ಆ ಹೆಂಗಸನ್ನ ಬಿಡಿಸಿ ಆಯ್ತಾ, ಈ ಮಗೂನ ಸಂಜೆಯೊಳಗೆ ಬಿಡಿಸಿಕೊಡಿ ಎಂದು ಮಾಲೀಕ ಕೂಗುತ್ತಿದ್ದರೆ, ಹೊಸ ಗಿರಾಕಿಗಳಿಗೆ ತಾವು ಬಂದದ್ದು ಸ್ಟುಡಿಯೋಗೋ ಪೊಲೀಸ್ ಠಾಣೆಗೋ ಎಂದು ಒಂದು ಕ್ಷಣ ಅನುಮಾನ ಬರುತ್ತಿತ್ತು.

ಭುಜ, ತೋಳು, ಅಂಗಿಯ ಅಂಚು ಇವನ್ನು ಯಾರು ಬೇಕಾದರೂ ಬಿಡಿಸುತ್ತಾರೆ. ಬಣ್ಣ ಬಯಲಾಗುವುದು ಕೂದಲಿನಲ್ಲಿ. ಹೊಸ ಸಾಫ್ಟ್‌ವೇರಿನಲ್ಲಿ ಒಂದು ಗುಂಡಿ ಒತ್ತಿದರೆ ಮನುಷ್ಯ ತಾನೇ ಕಳಚಿಕೊಂಡು ಈಚೆ ಬರುತ್ತಾನೆ, ನಿಜ. ಆದರೆ ತಲೆಯ ಮೇಲೆ ಹೆಲ್ಮೆಟ್ ಕೂರಿಸಿದ ಹಾಗೆ ಬರುತ್ತಾನೆ ಎಂಬುದು ಕೂದಲಪ್ಪನ ತಕರಾರು. ಅವನು ಫೋಟೋದ ಕೆಂಪು, ಹಸಿರು, ನೀಲಿ ಮೂರನ್ನೂ ಬೇರೆ ಬೇರೆ ತೆರೆದು, ಯಾವುದರಲ್ಲಿ ಕೂದಲು ಗೋಡೆಯಿಂದ ಚೆನ್ನಾಗಿ ಬೇರೆಯಾಗಿ ಕಾಣುತ್ತದೆ ಎಂದು ನೋಡುತ್ತಿದ್ದ. ಅದರದೊಂದು ನಕಲು ಮಾಡಿಕೊಂಡು, ಕಪ್ಪನ್ನು ಇನ್ನೂ ಕಪ್ಪು ಮಾಡಿ, ಬಿಳಿಯನ್ನು ಇನ್ನೂ ಬಿಳಿ ಮಾಡಿ, ತಲೆ ಶಾಯಿಯ ಹಾಗೂ ಗೋಡೆ ಕಾಗದದ ಹಾಗೂ ಆಗುವವರೆಗೆ ತಿದ್ದುತ್ತಿದ್ದ. ಅಷ್ಟಾದ ಮೇಲೂ ಅಂಚಿನಲ್ಲಿ ಉಳಿಯುವ ಹಾರು ಕೂದಲನ್ನು ಎಳೆ ದಪ್ಪದ ಬ್ರಷ್ಷಿನಿಂದ ಒಂದೊಂದಾಗಿ ಎಳೆಯುತ್ತಿದ್ದ. ಹಳೆಯ ಗೋಡೆಯ ಬಣ್ಣ ಕೂದಲ ತುದಿಗೆ ಅಂಟಿಕೊಂಡು ಬರುವುದು ಈ ಕೆಲಸದ ದೊಡ್ಡ ಪೀಡೆ. ಹಸಿರು ಗೋಡೆಯ ಮುಂದೆ ನಿಂತವಳನ್ನು ಬಿಡಿಸಿ ಬಿಳಿ ಪರದೆಯ ಮುಂದೆ ಇಟ್ಟರೆ ತಲೆಯ ಸುತ್ತ ಪಾಚಿ ಕಟ್ಟಿದ ಹಾಗೆ ಕಾಣುತ್ತದೆ. ಅದನ್ನೂ ಅವನು ತೊಳೆಯುತ್ತಿದ್ದ.

ಅವನಿಗೆ ಎರಡು ನೇಮಗಳಿದ್ದವು. ಎರಡೂ ಅವನನ್ನು ಬೀದಿಯಲ್ಲಿ ಹೆಸರುವಾಸಿ ಮಾಡಿದವು, ಎರಡೂ ಕೊನೆಗೆ ಅವನನ್ನೇ ತಿಂದವು. ತಲೆಯ ಹಿಂದೆ ಇರುವುದೆಲ್ಲ ಕಸ ಎಂಬುದು ಮೊದಲನೆಯದು. ಬಿಡಿಸುವವನು ಹಿಂದಿನದನ್ನು ನೋಡುತ್ತಾ ಕೂತರೆ ಕೆಲಸ ಸಾಗುವುದಿಲ್ಲ, ಕಣ್ಣು ಕೂದಲ ಮೇಲಿರಬೇಕು ಎನ್ನುತ್ತಿದ್ದ. ಇನ್ನೊಂದು, ಎಂಜಲು ಉಳಿಸಬಾರದು. ಎಂಜಲೆಂದರೆ ಅರ್ಧ ಮಾಡಿದ ಫೈಲುಗಳು, ತಿದ್ದುವ ಮೊದಲಿನ ಸ್ಕ್ಯಾನುಗಳು. ಮುಗಿಸಿದ ಕೆಲಸದ ಪಕ್ಕ ಅದರ ಹಳೆಯ ಅವತಾರ ಯಾರ ಕಣ್ಣಿಗೂ ಬೀಳಬಾರದು ಎಂಬುದು ಅವನ ಜಂಬ. ಸಂಜೆ ಮನೆಗೆ ಹೊರಡುವ ಮುಂಚೆ ಎಲ್ಲವನ್ನೂ ಅಳಿಸಿ, ಕಸದ ಬುಟ್ಟಿಯನ್ನೂ ಖಾಲಿ ಮಾಡಿ, ಕೈ ತೊಳೆದುಕೊಂಡು ಮೆಟ್ಟಿಲಿಳಿಯುತ್ತಿದ್ದ.

ಕೂದಲಿನ ಮೇಲೆ ಅವನಿಗೆ ಈ ಪರಿ ಕಣ್ಣು ಬಿದ್ದದ್ದು ಅಕ್ಕನಿಂದಲೇ. ಅಪ್ಪ ಅಮ್ಮ ತೀರಿಕೊಂಡು, ಇನ್ನೂ ಶಾಲೆಗೆ ಸೇರುವ ವಯಸ್ಸಿನಲ್ಲೇ ಅವನು ಅಕ್ಕನ ಮನೆ ಸೇರಿದ್ದ. ಅಕ್ಕ ಟೆಲಿಫೋನ್ ಆಫೀಸಿನಲ್ಲಿ ಕೆಲಸಕ್ಕೆ ಹೋಗುತ್ತಿದ್ದಳು. ಕಿವಿಗೆ ಹಾಕಿಕೊಳ್ಳುವ ಸಾಧನದ ಪಟ್ಟಿಗೆ ಸಿಕ್ಕಿ ಸಂಜೆಯ ಹೊತ್ತಿಗೆ ಅವಳ ಕೂದಲು ಗಂಟು ಗಂಟಾಗಿರುತ್ತಿತ್ತು. ಮನೆಗೆ ಬಂದವಳೇ ಹಿತ್ತಿಲ ಮೆಟ್ಟಿಲಿನ ಮೇಲೆ ಕೂತು ಜಡೆ ಬಿಚ್ಚುತ್ತಿದ್ದಳು. ಕನ್ನಡಿ ಹಿಡಿದುಕೊಂಡು ಎದುರಿಗೆ ಕೂರುವುದು ತಮ್ಮನ ಕೆಲಸ. ಮಂಡಿಯವರೆಗೆ ಬರುತ್ತಿದ್ದ ಆ ಕೂದಲನ್ನು ಅವಳು ತುದಿಯಿಂದ ಶುರುಮಾಡಿ ಮೇಲಕ್ಕೆ ಬಿಡಿಸುತ್ತಾ ಹೋಗುವುದನ್ನು ಅವನು ಬಾಯಿ ಬಿಟ್ಟುಕೊಂಡು ನೋಡುತ್ತಿದ್ದ. ಕನ್ನಡಿ ವಾಲಿದರೆ ಬಾಚಣಿಗೆಯಿಂದ ಮೊಣಕೈಗೆ ಒಂದು ಬೀಳುತ್ತಿತ್ತು. ಸಿಕ್ಕನ್ನ ಎಳೀಬಾರದು ಕಣೋ, ಬಿಡಿಸಬೇಕು ಎಂದು ಅವಳು ಹೇಳಿದ್ದು ಅವನಿಗೆ ಮುಂದೆ ಹೊಟ್ಟೆಪಾಡಾಯಿತು.

ಅಕ್ಕನಿಗೆ ಮಕ್ಕಳಿರಲಿಲ್ಲ. ಭಾವನೂ ಅವಳೂ ಅವನನ್ನು ಒಂದು ಕೂದಲೂ ಕೊಂಕದ ಹಾಗೆ ಸಾಕಿದರು. ಅವನು ಬರುವುದಕ್ಕೆ ಮುಂಚೆ ಆ ಮನೆಯಲ್ಲಿ ಒಂದು ಮಗು ಹುಟ್ಟಿ, ವರ್ಷ ತುಂಬುವ ಮೊದಲೇ ಜ್ವರದಲ್ಲಿ ಹೋಗಿತ್ತು ಎಂಬುದು ಅವನ ಕಿವಿಗೆ ಬಿದ್ದಿತ್ತು. ಬಿದ್ದಿತ್ತು, ಅಷ್ಟೇ. ಆ ಮಾತನ್ನು ಅಕ್ಕನೂ ಎತ್ತಲಿಲ್ಲ, ಭಾವನೂ ಎತ್ತಲಿಲ್ಲ. ಎಲ್ಲವನ್ನೂ ಹೊಟ್ಟೆಗೆ ಹಾಕಿಕೊಂಡು ಇಬ್ಬರೂ ಅವನಿಗೆ ತಟ್ಟೆ ಹಾಕಿ, ಶಾಲೆಗೆ ಕಳಿಸಿ, ದೊಡ್ಡವನನ್ನಾಗಿ ಮಾಡಿದರು. ತನಗೆ ಸಿಕ್ಕಿದ ಹಾಸಿಗೆ, ತನಗೆ ಸಿಕ್ಕಿದ ಮುದ್ದು ಮೊದಲು ಯಾರದ್ದಾಗಿತ್ತು ಎಂದು ಅವನೂ ಒಂದು ದಿನ ಕೇಳಲಿಲ್ಲ.

ಆ ಮನೆಯ ಗೋಡೆಯ ಮೇಲೆ ಅಕ್ಕನದೊಂದು ಫೋಟೋ ಇತ್ತು. ಬಾಗಿಲ ಮುಂದೆ ನಿಂತಿದ್ದಾಳೆ, ಹಿಂದೆ ಬಾಗಿಲೊಳಗಿನ ಕತ್ತಲು. ಹರೆಯದ ಮುಖ, ಬಿಟ್ಟ ಕೂದಲು. ಒಂದು ಪಕ್ಕದ ಕೂದಲು ಮಾತ್ರ ನೆಟ್ಟಗೆ ಇಳಿಯದೆ, ಭುಜದ ಹತ್ತಿರ ಕೊಂಕಿ ಹಿಂದಕ್ಕೆ ಹೋಗಿದೆ. ಅದು ಹೋಗಿ ಮುಟ್ಟುವ ಜಾಗದಲ್ಲಿ ಒಂದು ಬಿಳಿಚು ಕಲೆ. ಫೋಟೋದ ತುಂಬ ತೇವಕ್ಕೆ ಬೂಷ್ಟು ಹಿಡಿದು ಅಂಥ ಕಲೆಗಳು ಇನ್ನೂ ಇದ್ದವು, ಅದೂ ಅವುಗಳಲ್ಲಿ ಒಂದು. ಕೂದಲಪ್ಪ ಈ ಕೆಲಸ ಕಲಿತಂದಿನಿಂದ ಆ ಫೋಟೋ ಕಂಡಾಗಲೆಲ್ಲ ಅವನ ಕೈ ತುರಿಸುತ್ತಿತ್ತು. ಇಡೀ ಊರಿಗೆ ಕೂದಲು ನೇರ ಮಾಡಿಕೊಡುವವನ ಸ್ವಂತ ಅಕ್ಕ ಗೋಡೆಯ ಮೇಲೆ ಹೀಗೆ ಕೆದರಿಕೊಂಡು ನಿಂತಿರುವುದೇ!

ಭಾವ ತೀರಿಕೊಂಡು ಕೆಲವು ವರ್ಷಗಳಾದ ಮೇಲೆ ಅಕ್ಕ ಆ ದೊಡ್ಡ ಬಾಡಿಗೆ ಮನೆ ಬಿಟ್ಟು, ತಮ್ಮನ ಮನೆಯ ಹಿಂದಿನ ಬೀದಿಯಲ್ಲಿ ಒಂದು ಕೋಣೆ, ಒಂದು ಅಡುಗೆಮನೆಯ ಪುಟ್ಟ ಮನೆಗೆ ಬರುವುದೆಂದಾಯಿತು. ಸಾಮಾನೆಲ್ಲ ಲಾರಿಗೆ ಏರಿತು. ಆ ಫೋಟೋ ಒಂದನ್ನು ಮಾತ್ರ ಅವಳು ಲಾರಿಯವರಿಗೆ ಕೊಡಲಿಲ್ಲ. ಹಳೆಯ ಟವೆಲಿನಲ್ಲಿ ಸುತ್ತಿ ತಮ್ಮನ ಕೈಗೆ ಕೊಟ್ಟಳು.

"ಜೋಪಾನ. ಗಾಜಿಗೆ ಅಂಟಿಕೊಂಡುಬಿಟ್ಟಿದೆ ಅದು" ಅಂದಳು.

"ನನಗೆ ಹೇಳ್ತೀಯಾ ಅಕ್ಕ?" ಅಂದ ಅವನು.

ಆ ಮಾತು ನೆನಪಾದಾಗ ಈಗಲೂ ಅವನು ನಾಲಿಗೆ ಕಚ್ಚಿಕೊಳ್ಳುತ್ತಾನೆ. ಅವಳು ಕೊಟ್ಟದ್ದು ಹೊಸ ಮನೆಗೆ ತಲುಪಿಸಲು. ಅವನು ಅದನ್ನು ನೇರವಾಗಿ ಸ್ಟುಡಿಯೋಗೆ ತೆಗೆದುಕೊಂಡು ಹೋದ. ಅಕ್ಕ ಹೊಸ ಮನೆಯಲ್ಲಿ ಸಾಮಾನು ಹೊಂದಿಸಿಕೊಳ್ಳುವಷ್ಟರಲ್ಲಿ ಫೋಟೋ ಹೊಸದಾಗಿ ಗೋಡೆ ಏರಬೇಕು, ಅವಳು ಬೆರಗಾಗಬೇಕು ಎಂಬುದು ಅವನ ಲೆಕ್ಕಾಚಾರ. ಅತ್ತಿಗೇನ ಒಂದು ಮಾತು ಕೇಳಿ ಮಾಡಿ ಎಂದು ಹೆಂಡತಿ ಹೇಳದೇ ಇರಲಿಲ್ಲ. ಕೇಳಿ ಮಾಡಿದರೆ ಬೆರಗೆಲ್ಲಿಂದ ಬರುತ್ತದೆ ಎಂದು ಅವನು ಅವಳ ಬಾಯಿ ಮುಚ್ಚಿಸಿದ.

ಮೊದಲು ಗಾಜಿನ ಸಮೇತ ಸ್ಕ್ಯಾನ್ ಮಾಡಿದ. ಅಷ್ಟಕ್ಕೇ ಬಿಟ್ಟಿದ್ದರೂ ಆಗುತ್ತಿತ್ತು. ಗಾಜಿನಿಂದ ಬಿಡಿಸಿ ಮಾಡಿದರೆ ಇನ್ನೂ ಸ್ಪಷ್ಟ ಬರುತ್ತದೆ ಅನ್ನಿಸಿತು. ತೆಳ್ಳನೆ ಬ್ಲೇಡು ತೂರಿಸಿ, ಉಸಿರು ಬಿಗಿಹಿಡಿದು, ಒಂದು ಮೂಲೆಯಿಂದ ಎಬ್ಬಿಸಿದ. ಕಾಗದ ಬಂತು, ಚಿತ್ರದ ಅರ್ಧ ಗಾಜಿನ ಮೇಲೆಯೇ ಉಳಿಯಿತು. ಒಂದು ಕ್ಷಣ ಜೀವ ಹೋದ ಹಾಗಾಯಿತು ಅವನಿಗೆ. ಆಮೇಲೆ, ಹೇಗೂ ಸ್ಕ್ಯಾನ್ ಇದೆಯಲ್ಲ ಎಂದು ಸಮಾಧಾನ ಮಾಡಿಕೊಂಡು, ಹರಿದ ಕಾಗದವನ್ನು ಮುದುರಿ ಬುಟ್ಟಿಗೆ ಹಾಕಿದ. ಅಕ್ಕನಿಗೆ ಅದು ಕಂಡರೆ ಬೇಜಾರಾಗುತ್ತದೆ ಎಂದು ಬುಟ್ಟಿಯನ್ನೂ ಆಗಲೇ ಹೊರಗೆ ಸುರಿದು ಬಂದ.

ಆಮೇಲೆ ಕೂತದ್ದು ಕೂತದ್ದೇ. ಗಿರಾಕಿಗಳ ಕೆಲಸ ಪಕ್ಕಕ್ಕಿಟ್ಟು ಅಕ್ಕನ ತಲೆಗೆ ಕೈ ಹಾಕಿದ. ಕಪ್ಪು ಕೂದಲು, ಹಿಂದೆ ಕಪ್ಪು ಬಾಗಿಲು. ಕೆಂಪಿನಲ್ಲೂ ಇಲ್ಲ, ನೀಲಿಯಲ್ಲೂ ಇಲ್ಲ, ಯಾವುದರಲ್ಲೂ ಅಂಚು ಸಿಗುತ್ತಿರಲಿಲ್ಲ. ಗುಂಡಿ ಒತ್ತುವವರು ಆ ಫೋಟೋದ ಹತ್ತಿರವೂ ಸುಳಿಯುತ್ತಿರಲಿಲ್ಲ. ಕೂದಲಪ್ಪ ಕಣ್ಣಲ್ಲಿ ಕಣ್ಣಿಟ್ಟು, ಚಿತ್ರವನ್ನು ಹಿಗ್ಗಿಸಿ ಹಿಗ್ಗಿಸಿ, ಹಿತ್ತಿಲ ಮೆಟ್ಟಿಲಿನ ಮೇಲೆ ಕನ್ನಡಿ ಹಿಡಿದು ಕಂಡ ಕೂದಲನ್ನು ನೆನಪಿಸಿಕೊಂಡು, ಒಂದೊಂದೇ ಎಳೆಯನ್ನು ಕತ್ತಲಿನಿಂದ ಈಚೆ ತಂದ. ಅಷ್ಟು ಸುಖವಾಗಿ ಅವನು ಯಾವ ಕೆಲಸವನ್ನೂ ಮಾಡಿರಲಿಲ್ಲ. ಭುಜದ ಹತ್ತಿರ ಆ ಕೊಂಕು ಸಿಕ್ಕಿತು, ಅದರ ತುದಿಯ ಬಿಳಿಚು ಕಲೆಯೂ ಸಿಕ್ಕಿತು. ಬೇರೆ ಬೂಷ್ಟಿನ ಜೊತೆಗೆ ಅದನ್ನೂ ಅಳಿಸಿದ. ಕಲೆಯೊಳಗೆ ಸಿಕ್ಕಿಹಾಕಿಕೊಂಡಿದ್ದ ಕೂದಲನ್ನು ಬಿಡಿಸಿ, ಬಾಚಿ, ನೆಟ್ಟಗೆ ಎದೆಯ ಮೇಲೆ ಇಳಿಬಿಟ್ಟ. ಹಿಂದಿನ ಕತ್ತಲನ್ನು ತೆಗೆದು ತಿಳಿ ಬೂದು ಬಣ್ಣ ಹಾಕಿದ.

ಮುದ್ರಿಸಿ ತಂದಾಗಲೇ ಮಾಲೀಕ ಕನ್ನಡಕ ಒರೆಸಿಕೊಂಡದ್ದು. ಆ ಸಂಜೆ ಕೂದಲಪ್ಪ ಎಂದಿನಂತೆ ಎಂಜಲೆಲ್ಲ ಅಳಿಸಿದ. ಸ್ಕ್ಯಾನಿನ ಹೆಸರಿನಲ್ಲೇ ಹೊಸ ಫೈಲನ್ನು ಸೇವ್ ಮಾಡಿದ್ದ, ಆದ್ದರಿಂದ ಹಳೆಯ ಸ್ಕ್ಯಾನ್ ಆಗಲೇ ಹೋಗಿತ್ತು. ಫ್ರೇಮಿಗೆ ಹಳೆಯ ಗಾಜೇ ಇರಲಿ, ಅಕ್ಕನಿಗೆ ಗುರುತಿನ ಗಾಜು ಎಂದುಕೊಂಡು, ಅದಕ್ಕೆ ಅಂಟಿದ್ದ ಚಿತ್ರದ ಚಕ್ಕೆಗಳನ್ನು ಬ್ಲೇಡಿನಿಂದ ಹೆರೆದು, ನಲ್ಲಿಯ ಕೆಳಗೆ ಹಿಡಿದು ಸೋಪು ಹಾಕಿ ತೊಳೆದ. ಫಳಫಳ ಹೊಳೆಯುವ ಹಾಗೆ ತೊಳೆದ.

ಅಕ್ಕ ಹೊಸ ಮನೆಯಲ್ಲಿ ಇನ್ನೂ ಬಿಚ್ಚದ ಪೆಟ್ಟಿಗೆಗಳ ನಡುವೆ ಮಂಚದ ಅಂಚಿನಲ್ಲಿ ಕೂತಿದ್ದಳು. ಅವನು ಹೆಂಡತಿಯನ್ನೂ ಕರೆದುಕೊಂಡು ಹೋಗಿದ್ದ, ಬೆರಗಿಗೆ ಸಾಕ್ಷಿ ಬೇಕಲ್ಲ. ಅಕ್ಕ ಕಾಗದ ಬಿಚ್ಚಿ ಫ್ರೇಮನ್ನು ತೊಡೆಯ ಮೇಲೆ ಇಟ್ಟುಕೊಂಡಳು. ತನ್ನ ಮುಖವನ್ನು ನೋಡಲೇ ಇಲ್ಲ. ಬೆರಳು ನೇರವಾಗಿ ಭುಜದ ಹತ್ತಿರ ಹೋಯಿತು. ಅಲ್ಲಿ ಗಾಜನ್ನು ಒಮ್ಮೆ ಸವರಿದಳು. ಫ್ರೇಮನ್ನು ಹತ್ತಿರ ತಂದುಕೊಂಡಳು, ದೂರ ಹಿಡಿದಳು, ಕಿಟಕಿಯ ಕಡೆ ತಿರುಗಿಸಿದಳು. ಬೆಳಕು ಸಾಲದೇನೋ ಎಂದುಕೊಂಡು ಹೆಂಡತಿ ದೀಪ ಹಾಕಿದಳು.

"ಇಲ್ಲಿ ಕೈ ಇತ್ತಲ್ಲ?" ಅಂದಳು ಅಕ್ಕ.

"ಯಾವ ಕೈ?"

"ಮಗೂದು."

ಅವನಿಗೆ ಅರ್ಥವಾಗಲಿಲ್ಲ. ಅದು ಬೂಷ್ಟಿನ ಕಲೆ, ತಾನೇ ತೆಗೆದೆ ಎಂದು ಇನ್ನೂ ಸ್ವಲ್ಪ ಹೆಮ್ಮೆಯಿಂದಲೇ ಹೇಳಿದ. ಹೆಂಡತಿ ಅವನ ತೋಳು ಹಿಡಿದು ಅದುಮಿದಳು. ಅವಳಿಗೆ ಅವನಿಗಿಂತ ಮೊದಲೇ ತಿಳಿದುಹೋಗಿತ್ತು.

ಅಷ್ಟು ವರ್ಷ ಬಾಯಿ ಬಿಡದ ಅಕ್ಕ ಆವತ್ತು ಹೇಳಿದಳು. ಟೆಲಿಫೋನ್ ಆಫೀಸಿನ ಕೆಲಸಕ್ಕೆ ಅರ್ಜಿ ಹಾಕಲು ಒಂದು ಫೋಟೋ ಬೇಕಿತ್ತು. ಫೋಟೋದವನನ್ನು ಮನೆಗೇ ಕರೆಸಿದ್ದರು. ಮಗು ಅವಳನ್ನು ಬಿಟ್ಟು ಇರುತ್ತಿರಲಿಲ್ಲ. ಭಾವ ಅದನ್ನು ಎತ್ತಿಕೊಂಡು ಅವಳ ಬೆನ್ನ ಹಿಂದೆ, ಬಾಗಿಲೊಳಗಿನ ಕತ್ತಲಲ್ಲಿ, ಫೋಟೋಗೆ ಬೀಳದ ಹಾಗೆ ನಿಂತಿದ್ದ. ಫೋಟೋದವನು ಇನ್ನೇನು ಕ್ಲಿಕ್ ಮಾಡಬೇಕು, ಕತ್ತಲಿಂದ ಕೈ ಚಾಚಿ ಅದು ಅವಳ ಕೂದಲನ್ನು ಮುಷ್ಟಿಯಲ್ಲಿ ಹಿಡಿದುಕೊಂಡಿತು. ಫೋಟೋ ಕೆಟ್ಟಿತು, ಅರ್ಜಿಗೆ ಬೇರೆ ತೆಗೆಸಿದರು. ಕೆಟ್ಟದ್ದು ಮನೆಯಲ್ಲಿ ಉಳಿಯಿತು. ಮಗುವಿನದೇ ಒಂದು ತೆಗೆಸೋಣ ಎಂದು ಭಾವ ಅಂದಿದ್ದನಂತೆ. ನೆಟ್ಟಗೆ ಕೂರೋಕೆ ಬರಲಿ, ಆಮೇಲೆ ತೆಗೆಸೋಣ ಅಂದವಳು ಅಕ್ಕನೇ.

ಅದು ಬಿಟ್ಟರೆ ಆ ಮಗು ಈ ಲೋಕದಲ್ಲಿ ಇತ್ತು ಎನ್ನುವುದಕ್ಕೆ ಇನ್ನೊಂದು ಚಿತ್ರ ಇರಲಿಲ್ಲ. ಮುಖವಿಲ್ಲ, ಮೈಯಿಲ್ಲ, ಬರೀ ಒಂದು ಮುಷ್ಟಿ. ಅಕ್ಕ ಕೆಲಸದಿಂದ ಬಂದವಳು ಗೋಡೆಯ ಮುಂದೆ ಒಂದು ಗಳಿಗೆ ನಿಲ್ಲುತ್ತಿದ್ದದ್ದು ಕೂದಲಪ್ಪನಿಗೆ ನೆನಪಿತ್ತು. ಹರೆಯದ ತನ್ನ ಮುಖ ನೋಡಿಕೊಳ್ಳುತ್ತಾಳೆ ಅಂದುಕೊಂಡಿದ್ದ, ಒಮ್ಮೆ ಹಾಸ್ಯ ಕೂಡ ಮಾಡಿದ್ದ. ಅವಳು ನಕ್ಕಿದ್ದಳು.

"ನಿನಗೆ ಹೇಗೆ ಗೊತ್ತಾಗಬೇಕು, ನಾನು ಹೇಳಿದ್ದರೆ ತಾನೆ" ಅಂದಳು ಅಕ್ಕ. ಮತ್ತೆ, ಅವನ ಕಡೆ ನೋಡದೆ, "ಅವನು ಬಿಟ್ಟಿರಲಿಲ್ಲ ಕಣೋ. ನೀನು ಬಿಡಿಸಿಬಿಟ್ಟೆ" ಅಂದಳು.

ಬೈದಿದ್ದರೆ ಬದುಕಿಕೊಳ್ಳುತ್ತಿದ್ದ. ಬಾಚಣಿಗೆಯಿಂದ ಮೊಣಕೈಗೆ ಹಿಂದಿನ ಹಾಗೆ ಒಂದು ಬಾರಿಸಿದ್ದರೂ ಸಾಕಾಗಿತ್ತು. ಅವಳು ಅದೊಂದನ್ನೇ ಹೇಳಿ, ಚಹಾ ಮಾಡುತ್ತೇನೆ ಎಂದು ಎದ್ದುಹೋದಳು. ಅಡುಗೆಮನೆಯ ಸಾಮಾನು ಯಾವ ಪೆಟ್ಟಿಗೆಯಲ್ಲಿದೆ ಎಂದು ಹುಡುಕುವ ಸದ್ದು ಬಹಳ ಹೊತ್ತು ಕೇಳುತ್ತಿತ್ತು.

ಅವನು ಚಹಾಕ್ಕೆ ನಿಲ್ಲದೆ ಸ್ಟುಡಿಯೋಗೆ ಓಡಿದ. ಕಂಪ್ಯೂಟರಿನ ಮೂಲೆ ಮೂಲೆ ಜಾಲಾಡಿದ. ಕೆಳಗಿನ ಬೀದಿಯ ಕಂಪ್ಯೂಟರ್ ರಿಪೇರಿಯವನನ್ನು ಕೈಹಿಡಿದು ಎಳೆತಂದ. ಅವನು ಏನೋ ಒಂದು ಪ್ರೋಗ್ರಾಂ ಓಡಿಸಿ, ಅಳಿಸಿದ್ದನ್ನೆಲ್ಲ ಮೇಲೆತ್ತುತ್ತಾ ಹೋದ. ಎಷ್ಟೋ ಹಿಂದೆ ಬಿಡಿಸಿದ ಯಾರು ಯಾರದೋ ತಲೆಗಳು ಬಂದವು, ಅರ್ಧ ಕೆನ್ನೆಗಳು ಬಂದವು, ಯಾರದೋ ಮದುವೆಯ ಮುಖಗಳು ಬಂದವು. ಅಕ್ಕನ ಸ್ಕ್ಯಾನ್ ಬರಲಿಲ್ಲ. ಹಳೆಯದನ್ನ ಅಳಿಸಿದ್ದರೆ ಸಿಗುತ್ತಿತ್ತೇನೋ, ನೀವು ಅದೇ ಹೆಸರಿನಲ್ಲಿ ಹೊಸದನ್ನ ಅದರ ಮೇಲೇ ಬರೆದುಬಿಟ್ಟಿದ್ದೀರಲ್ಲ ಎಂದು ರಿಪೇರಿಯವನು ಕೈಚೆಲ್ಲಿದ. ಕಸದ ಗಾಡಿ ಹೋಗಿ ಕೆಲವು ದಿನವಾಗಿತ್ತು. ಗಾಜು ಫಳಫಳ ಹೊಳೆಯುತ್ತಿತ್ತು. ಆ ಮುಷ್ಟಿ ಕಾಗದದ ಮೇಲೆ ಉಳಿದಿತ್ತೋ ಗಾಜಿನ ಮೇಲೋ ಎಂಬುದೂ ಅವನಿಗೆ ಗೊತ್ತಿರಲಿಲ್ಲ. ಗಾಜಿನ ಮೇಲಿದ್ದರೆ, ಅದನ್ನು ನಲ್ಲಿಯ ಕೆಳಗೆ ತಾನೇ ಉಜ್ಜಿದ್ದ. ಆ ಯೋಚನೆ ಬಂದಾಗಲೆಲ್ಲ ಅವನು ಎದ್ದು ನಿಲ್ಲುತ್ತಿದ್ದ, ಮತ್ತೆ ಕೂರುತ್ತಿದ್ದ.

ಆಮೇಲೆ ಒಂದು ಕೆಲಸ ಮಾಡಿದ. ಅದನ್ನು ಮಾಡಬಾರದಿತ್ತು, ಆದರೆ ಕೈಯಲ್ಲಿ ವಿದ್ಯೆ ಇರುವವನು ಸುಮ್ಮನೆ ಕೂರಬೇಕಲ್ಲ! ಸ್ಟುಡಿಯೋದಲ್ಲಿ ಎಳೆಯ ಮಕ್ಕಳ ಫೋಟೋಗೆ ಬರವೇ? ಒಂದು ಮಗುವಿನ ಮುಷ್ಟಿಯನ್ನು ಬಿಡಿಸಿ, ಹಳೆಯ ಕಾಗದದ ಬಣ್ಣಕ್ಕೆ ತಿರುಗಿಸಿ, ಅಕ್ಕನ ಭುಜದ ಹಿಂದೆ ಕೂರಿಸಿದ. ಬೆರಳ ಸಂದಿಯಲ್ಲಿ ಕೂದಲು ಹಾಯಿಸಿದ, ನೆರಳು ಕೊಟ್ಟ. ಯಾರೂ ಬೆರಳು ಮಾಡಿ ತೋರಿಸುವ ಹಾಗಿರಲಿಲ್ಲ. ಹಿಡಿದುಕೊಂಡು ಹೋಗಿ ಅಕ್ಕನ ಮುಂದೆ ಇಟ್ಟ.

ಅಕ್ಕ ತಾಳ್ಮೆಯಿಂದ ನೋಡಿದಳು. "ಚೆನ್ನಾಗಿದೆ. ಯಾರ ಮಗು?" ಅಂದಳು.

ಯಾರೋ ಗಿರಾಕಿಯದ್ದು ಅಂದ.

"ಪಾಪ, ಅವರಮ್ಮಂಗೆ ವಾಪಸ್ ಕೊಟ್ಟುಬಿಡು."

ಅಲ್ಲಿಂದ ಅವನು ಬದಲಾದ. ಸ್ಟುಡಿಯೋದಲ್ಲಿ ಕೆಲಸ ನಿಧಾನವಾಯಿತು. ಒಂದು ತಲೆ ಬಿಡಿಸುವ ಮೊದಲು ಅದರ ಹಿಂದೆ ಇರುವುದನ್ನೆಲ್ಲ ಹಿಗ್ಗಿಸಿ ನೋಡತೊಡಗಿದ. ಕಿಟಕಿ, ಮೊಳೆ, ಒಣಗಲು ಹಾಕಿದ ಬಟ್ಟೆ, ಯಾರದೋ ಅರ್ಧ ಮೊಣಕೈ. ಇದು ಯಾರ ಕೈ, ತೆಗೆಯಬಹುದಾ ಎಂದು ಗಿರಾಕಿಗಳಿಗೆ ಫೋನ್ ಮಾಡಿ ಕೇಳುತ್ತಿದ್ದ. ಅವರು ಬೇಸತ್ತು ಮಾಲೀಕನಿಗೆ ದೂರು ಹೇಳಿದರು. ಗುರುತಿನ ಚೀಟಿಯ ಫೋಟೋಗೆ ಇಷ್ಟು ವಿಚಾರಣೆ ಯಾಕೆ ಎಂದು ಮಾಲೀಕ ರೇಗಿದ. ಮನೆಯಲ್ಲಿ ಹೆಂಡತಿ ಬೋಳು ತಲೆಯ ಹಾಸ್ಯ ನಿಲ್ಲಿಸಿದಳು. ಅವನು ಅಕ್ಕನ ಮನೆಗೆ ಹೋಗುವುದನ್ನೂ ಕಡಿಮೆ ಮಾಡಿದ. ಹಿಂದಿನ ಬೀದಿ ಅಷ್ಟೇ, ಕೂಗಿದರೆ ಕೇಳುವಷ್ಟು ಹತ್ತಿರ, ಆದರೂ ಸುತ್ತಿ ಬಳಸಿ ಬೇರೆ ದಾರಿಯಲ್ಲಿ ಓಡಾಡುತ್ತಿದ್ದ. ಆ ಮಗು ಹೋದ ಜಾಗದಲ್ಲಿ ತಾನು ಬೆಳೆದೆ, ಉಳಿದಿದ್ದ ಒಂದು ಮುಷ್ಟಿಯನ್ನೂ ತಾನೇ ಒರೆಸಿ ಹಾಕಿದೆ ಎಂದು ಒಂದು ದಿನ ಹೆಂಡತಿಯ ಮುಂದೆ ಹೇಳಿಕೊಂಡು ಅತ್ತ. ಅವಳು ಪಕ್ಕದಲ್ಲಿ ಬಂದು ಕೂತಳು.

ಕೊನೆಗೆ ಅಕ್ಕನೇ ಹೇಳಿಕಳಿಸಿದಳು. ಕ್ಯಾಮೆರಾ ತೆಗೆದುಕೊಂಡು ಬಾ, ಹೆಂಡತೀನೂ ಕರೆದುಕೊಂಡು ಬಾ ಎಂದು. ಹೋದರೆ, ಅವಳು ಬಾಗಿಲ ಹತ್ತಿರ ಕುರ್ಚಿ ಹಾಕಿಕೊಂಡು, ಬೆಳಕಿಗೆ ಮುಖ ಮಾಡಿ ಕೂತಿದ್ದಳು. ಕೂದಲು ಬಿಚ್ಚಿದ್ದಳು. ಮಂಡಿಯವರೆಗೆ ಇಳಿಯುತ್ತಿದ್ದದ್ದು ಈಗ ಭುಜ ದಾಟಿದರೆ ಹೆಚ್ಚು. ಪೂರಾ ಬಿಳಿ, ಬೆರಳಿಗೆ ಸಿಗುವಷ್ಟಿದ್ದರೆ ಪುಣ್ಯ.

"ಕೈ ಬೇಡ ನನಗೆ. ಕೂದಲನ್ನ ಮಾತ್ರ ಅವನು ಎಳೆದಿದ್ದ ಹಾಗೆ ಮಾಡಿಕೊಡು" ಅಂದಳು. "ಅಷ್ಟು ಸಾಕು. ಕೈ ನನಗೆ ಗೊತ್ತಿದೆ."

ಎಳೆದಿದ್ದ ಹಾಗೆ ಎಂದರೆ ಹೇಗೆ? ಬಿಡಿಸಿದ ಪ್ರತಿ ತಲೆಯ ಸುಳಿ ನೆನಪಿಟ್ಟುಕೊಳ್ಳುತ್ತಿದ್ದ ಕೂದಲಪ್ಪನಿಗೆ ಆ ಒಂದು ಕೊಂಕು ನೆನಪಿರಲಿಲ್ಲ. ಚಿಕ್ಕಂದಿನಿಂದ ಕಂಡದ್ದೇ, ಆದರೆ ತಪ್ಪು ಎಂದುಕೊಂಡು ಕಂಡದ್ದು. ಸರಿಯಾಗಿ ನೋಡಿಯೇ ಇರಲಿಲ್ಲ. ನಾಚಿಕೆ ಬಿಟ್ಟು ಅದನ್ನೂ ಹೇಳಿದ.

"ಗೊತ್ತು. ಅದಕ್ಕೇ ಕರೆದದ್ದು. ಹಿಂದೆ ಹೋಗಿ ನಿಂತುಕೋ."

ಅವನು ಬಾಗಿಲ ಒಳಗೆ, ಅವಳ ಬೆನ್ನ ಹಿಂದೆ ನಿಂತ. ಹೆಂಡತಿ ಹೊರಗೆ ಕ್ಯಾಮೆರಾ ಹಿಡಿದುಕೊಂಡಳು. ಅಕ್ಕ ಹೇಳಿದ ಕಡೆಯಿಂದ ಒಂದಿಷ್ಟು ಕೂದಲು ತೆಗೆದುಕೊಂಡ. ಹಾಗಲ್ಲ, ಕಿವಿಯ ಕೆಳಗಿನದು ಅಂದಳು. ತೆಗೆದುಕೊಂಡ. ಇನ್ನೂ ಕೆಳಗೆ ಹಿಡಿ, ಭಾವ ಮಗೂನ ಎತ್ತಿಕೊಂಡಿದ್ದದ್ದು ಸೊಂಟದ ಮೇಲೆ ಅಂದಳು. ಬಗ್ಗಿ ಹಿಡಿದ.

"ಈಗ ಎಳಿ."

ಅವನು ಮೆಲ್ಲಗೆ ಎಳೆದ.

"ಇಷ್ಟೇನಾ? ಇನ್ನೂ ಎಳಿ."

"ನೋವಾಗುತ್ತೆ ಅಕ್ಕ."

"ಆಗ್ತಿತ್ತು" ಅಂದಳು ಅಕ್ಕ.

ಅವನು ಎಳೆದ. ಅವಳ ತಲೆ ಸ್ವಲ್ಪ ಹಿಂದಕ್ಕೆ ವಾಲಿತು, ಕಣ್ಣು ಮುಚ್ಚಿಕೊಂಡಿತು. ಹಾಂ, ಹೀಗೆ ಅಂದಳು. ಹೆಂಡತಿ ಕ್ಲಿಕ್ ಮಾಡಿದಳು, ಅನುಮಾನಕ್ಕೆ ಇನ್ನೊಂದು ಮಾಡಿದಳು. ಆಯಿತು ಎಂದು ಹೇಳಿದ ಮೇಲೂ ಅಕ್ಕ ಬಿಡು ಅನ್ನಲಿಲ್ಲ, ಅವನೂ ಬಿಡಲಿಲ್ಲ. ಬಗ್ಗಿದ ಸೊಂಟ ನೋಯತೊಡಗಿದರೂ ಹಾಗೇ ನಿಂತಿದ್ದ.

ಆ ಫೋಟೋ ನೋಡಿಕೊಂಡು ಅವನು ಹೊಸದಾಗಿ ಕೂತ. ಹಿಂದಿನ ಕತ್ತಲನ್ನು ವಾಪಸ್ ತಂದ. ನೆಟ್ಟಗೆ ಇಳಿಬಿಟ್ಟಿದ್ದ ಕೂದಲನ್ನು ಎಳೆ ಎಳೆಯಾಗಿ ಕೊಂಕಿಸಿ ಆ ಕತ್ತಲಿನ ಕಡೆಗೆ ಎಳೆದ. ಮುಷ್ಟಿ ಇರಬೇಕಾದ ಕಡೆ ಏನನ್ನೂ ಇಡಲಿಲ್ಲ. ಅವನ ಸರೀಕರು ಯಾರಾದರೂ ನೋಡಿದ್ದರೆ ಮೂಗು ಮುರಿಯುವ ಕೆಲಸ. ಕೂದಲು ಏನೂ ಇಲ್ಲದ ಕಡೆಗೆ ಬಿಗಿಯಾಗಿ ಹೋಗಿ ಅಲ್ಲೇ ನಿಂತುಬಿಟ್ಟಿದೆ. ಈ ಸಲದ ಎಂಜಲನ್ನು ಮಾತ್ರ ಅಳಿಸಲಿಲ್ಲ. ಅದೆಲ್ಲ ಇನ್ನೂ ಅವನ ಕಂಪ್ಯೂಟರಿನಲ್ಲಿದೆ.

ಅದು ಅಕ್ಕನ ಹೊಸ ಮನೆಯಲ್ಲಿ, ಮಂಚದಿಂದ ಕಾಣುವ ಗೋಡೆಯ ಮೇಲೆ ಇದೆ. ಮೊನ್ನೆ ಪಕ್ಕದ ಮನೆಯಾಕೆ ಬಂದಿದ್ದಳು. ಕೂದಲಪ್ಪನೂ ಅಲ್ಲೇ ಇದ್ದ, ಕಿಟಕಿಗೆ ಪರದೆ ಕಟ್ಟುತ್ತಿದ್ದ. ಆಕೆ ಫೋಟೋ ನೋಡಿ, ಎಷ್ಟು ಚೆಂದದ ಕೂದಲಿತ್ತು ನಿಮಗೆ ಎಂದು ಹೊಗಳಿದಳು. ಆಮೇಲೆ ಹತ್ತಿರ ಹೋಗಿ, ಈ ಪಕ್ಕದ್ದು ಯಾಕೆ ಹೀಗೆ ಹಿಂದಕ್ಕೆ ಸಿಕ್ಕಿಹಾಕಿಕೊಂಡ ಹಾಗಿದೆ, ನಿಮ್ಮ ತಮ್ಮ ಇದರಲ್ಲೇ ಹೆಸರು ಮಾಡಿದವರಲ್ಲವೇ, ಇದೊಂದನ್ನು ಬಿಡಿಸಿಕೊಡಬಾರದಿತ್ತೇ ಎಂದು ಕೇಳಿದಳು.

ಅಕ್ಕ ತಮ್ಮನ ಕಡೆ ನೋಡಿದಳು.

"ಪ್ರಯತ್ನಪಟ್ಟೆ ಅಮ್ಮ. ಬಿಡಿಸೋಕೆ ಆಗಲಿಲ್ಲ" ಅಂದ ಕೂದಲಪ್ಪ.

ಎಲ್ಲ ನಮ್ಮ ಕೈಲಿ ಎಲ್ಲಿರುತ್ತೆ ಬಿಡಿ ಎಂದು ಆಕೆ ಅವನಿಗೆ ಸಮಾಧಾನ ಹೇಳಿದಳು. ಅವನು ತಲೆಯಾಡಿಸಿ, ಪರದೆಯ ದಾರ ಕಟ್ಟುವುದಕ್ಕೆ ಮತ್ತೆ ಕಿಟಕಿಯ ಕಡೆ ತಿರುಗಿಕೊಂಡ.